ಬೈಕು ರೆಡಿ, ಆರ್‌ಸಿ ಯಾರ ಹೆಸರಲ್ಲಿದೆ?

ಬೆಳಗಿನ ಹಾಲು ಡೇರಿ ಸೇರಿತೆಂದರೆ ದುದ್ದದ ಹೋಟೆಲುಗಳ ಮುಂದೆ ಬೈಕುಗಳ ಸಾಲು ಬೆಳೆಯುತ್ತದೆ. ನಂಬರ್ ಪ್ಲೇಟುಗಳ ಮೇಲೆಲ್ಲ ಕೆಎ-13. ಒಂದರ ಬದಿಗೆ ಖಾಲಿ ಹಾಲಿನ ಕ್ಯಾನು, ಇನ್ನೊಂದರ ಟ್ಯಾಂಕಿನ ಮೇಲೆ ಗೊಬ್ಬರದ ಚೀಲ, ಮತ್ತೊಂದರ ಕನ್ನಡಿಗೆ ಸಿಕ್ಕಿಸಿದ ಹೆಲ್ಮೆಟ್ಟು. ಒಳಗೆ ಟೀ ಲೋಟ ಹಿಡಿದ ಹುಡುಗರು ಒಂದೇ ಮೊಬೈಲಿಗೆ ತಲೆ ಕೊಟ್ಟು ಕುಳಿತಿದ್ದಾರೆ. ಪರದೆಯಲ್ಲಿ ಯಾರೋ ಕನ್ನಡದವರೇ ಹಿಮದ ಬೆಟ್ಟಕ್ಕೆ ಬೆನ್ನು ಮಾಡಿ, ಧೂಳು ಮೆತ್ತಿದ ಬೈಕಿನ ಪಕ್ಕ ನಿಂತು ನೇಪಾಳದ ಕಥೆ ಹೇಳುತ್ತಿದ್ದಾರೆ. ವಿಡಿಯೊ ಮುಗಿದ ಮೇಲೆ ಬರುವ ಪ್ರಶ್ನೆ ಒಂದೇ: "ನಮ್ ಗಾಡೀಲೂ ಅಲ್ಲಿಗ್ ಹೋಗ್ಬೋದೇನ್ಲಾ?"

ಧಾರಾಳವಾಗಿ ಹೋಗಬಹುದು. ಲಕ್ಷಗಟ್ಟಲೆ ಬೆಲೆಯ ಬೈಕೇ ಬೇಕೆಂದಿಲ್ಲ. ದಿನಾ ಡೇರಿಗೆ, ಸಂತೆಗೆ ಓಡುವ 125 ಸಿಸಿ ಗಾಡಿಯೂ ಸಾಕು. ಆದರೆ ಹೊರದೇಶಕ್ಕೆ ಬೈಕು ಒಯ್ಯುವವರು ಸಾಮಾನ್ಯವಾಗಿ ತಯಾರಿಯನ್ನು ತಲೆಕೆಳಗು ಮಾಡಿಕೊಳ್ಳುತ್ತಾರೆ. ಮೊದಲು ಜಾಕೆಟ್ಟು, ಆಮೇಲೆ ಸೈಡ್ ಬ್ಯಾಗು, ಆಮೇಲೆ ಹೆಡ್‌ಲೈಟಿನ ಮೇಲೊಂದು ಫಾಗ್ ಲ್ಯಾಂಪು, ಎಲ್ಲಕ್ಕಿಂತ ಕೊನೆಗೆ ಕಾಗದಪತ್ರ. ಗಡಿಯಲ್ಲಿ ಕುಳಿತ ಅಧಿಕಾರಿ ಜಾಕೆಟ್ಟು ನೋಡುವುದಿಲ್ಲ.

ನಕ್ಷೆಯಲ್ಲಿ ನೆರೆಹೊರೆ, ರಸ್ತೆಯಲ್ಲಿ ಗೋಡೆ

ಭಾರತದ ಭೂಪಟದಲ್ಲಿ ನೆಲದ ಗಡಿಗೆ ಬರವಿಲ್ಲ. ಬೈಕಿನವರ ಲೆಕ್ಕದಲ್ಲಿ ಮಾತ್ರ ನಾವು ಹೆಚ್ಚೂಕಡಿಮೆ ದ್ವೀಪವಾಸಿಗಳೇ. ಪಶ್ಚಿಮದಲ್ಲಿ ಪಾಕಿಸ್ತಾನ: ಪಹಲ್ಗಾಮ್ ದಾಳಿಯ ಬೆನ್ನಿಗೇ, 2025ರ ಏಪ್ರಿಲ್‌ನಲ್ಲಿ ಅಟ್ಟಾರಿ ಚೆಕ್‌ಪೋಸ್ಟ್ ಮುಚ್ಚಿತು. ಅದಕ್ಕೂ ಮುಂಚೆ ಸಾಮಾನ್ಯ ಪ್ರವಾಸಿಯ ಬೈಕಿಗೆ ಆ ದಾರಿ ಸುಲಭದ್ದೇನೂ ಆಗಿರಲಿಲ್ಲ. ಉತ್ತರದಲ್ಲಿ ಚೀನಾ: ನಮ್ಮ ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ಅಲ್ಲಿ ಬೆಲೆಯಿಲ್ಲ. ಅವರದೇ ತಾತ್ಕಾಲಿಕ ಲೈಸೆನ್ಸು, ಅವರದೇ ತಾತ್ಕಾಲಿಕ ನಂಬರ್ ಪ್ಲೇಟು, ಪ್ರವಾಸದುದ್ದಕ್ಕೂ ಅಲ್ಲಿನ ಟೂರ್ ಕಂಪನಿಯ ಗೈಡು ಬೇಕು. ಖರ್ಚು ಕೇಳಿದರೆ ಬೈಕನ್ನೇ ಮಾರಬೇಕಾದೀತು.

ಪೂರ್ವದ ಬಾಗಿಲ ಕಥೆ ಇನ್ನೂ ಬೇಸರದ್ದು. ಮಣಿಪುರದ ಮೋರೆ ಮತ್ತು ಮ್ಯಾನ್ಮಾರ್‌ನ ತಾಮು ನಡುವಿನ ಗೇಟು 2018ರ ಆಗಸ್ಟ್‌ನಲ್ಲಿ ಪಾಸ್‌ಪೋರ್ಟು, ವೀಸಾ ಇರುವ ಪ್ರಯಾಣಿಕರಿಗೆ ಅಧಿಕೃತವಾಗಿ ತೆರೆಯಿತು. ಅಲ್ಲಿಂದ ಥಾಯ್ಲೆಂಡ್, ಮಲೇಷ್ಯಾ, ಸಿಂಗಪುರದವರೆಗೆ ನೆಲದ ಮೇಲೇ ಉರುಳಬಹುದೆಂದು ಬೈಕಿನವರು ಹಿಗ್ಗಿದ್ದರು. ಹುಬ್ಬಳ್ಳಿ ಮೂಲದ ಕ್ಯಾಂಡಿಡಾ ಲೂಯಿಸ್ ಬಜಾಜ್ ಡಾಮಿನಾರ್ ಏರಿ ಬೆಂಗಳೂರಿನಿಂದ ಆಸ್ಟ್ರೇಲಿಯಾದ ಸಿಡ್ನಿಗೆ ಹೊರಟದ್ದೂ ಅದೇ 2018ರಲ್ಲಿ. ಕರ್ನಾಟಕದ ಹೆಣ್ಣುಮಗಳೊಬ್ಬಳು ಒಂಟಿಯಾಗಿ ಆಗ್ನೇಯ ಏಷ್ಯಾ ಹಾದು ಸಿಡ್ನಿ ಮುಟ್ಟಿದ ಸುದ್ದಿ ಎಷ್ಟೋ ಜನರ ತಲೆಯಲ್ಲಿ ಹುಳ ಬಿಟ್ಟಿತು. ಆದರೆ 2021ರ ಫೆಬ್ರುವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು, 2023ರ ಮೇ ತಿಂಗಳಿನಿಂದ ಮಣಿಪುರವೇ ಹೊತ್ತಿ ಉರಿಯಿತು. ಪ್ರವಾಸಿಯ ಬೈಕಿಗೆ ಅದೀಗ ನಂಬಿ ಹೊರಡುವ ದಾರಿಯಾಗಿ ಉಳಿದಿಲ್ಲ.

ಸುಲಭವಾಗಿ ಹೋಗಲು ಉಳಿದದ್ದು ನೇಪಾಳ ಮತ್ತು ಭೂತಾನ್. ಎರಡಕ್ಕೂ ಭಾರತೀಯರಿಗೆ ವೀಸಾ ಬೇಡ, ಬೈಕಿಗೆ ಕಸ್ಟಮ್ಸ್ ಜಾಮೀನು ಬೇಡ. ಭೂತಾನ್ ಚೆಂದದ ದೇಶ, ರಸ್ತೆಯೂ ಅಚ್ಚುಕಟ್ಟು. ಆದರೆ 2022ರ ಸೆಪ್ಟೆಂಬರಿನಿಂದ ಅಲ್ಲಿ ಭಾರತೀಯರೂ ತಲಾ ಒಂದು ರಾತ್ರಿಗೆ 1,200 ರೂಪಾಯಿ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಊಟ, ವಸತಿ ಬೇರೆ. ಇಬ್ಬರು ಹತ್ತು ರಾತ್ರಿ ಉಳಿದರೆ ಇದೊಂದೇ ಬಾಬ್ತಿಗೆ 24,000 ರೂಪಾಯಿ. ಹಾಸನದ ಕಡೆಯ ಮಧ್ಯಮ ಜೇಬಿಗೆ ಮೊದಲ ಹೊರದೇಶವಾಗಿ ಹೊಂದುವುದು ನೇಪಾಳವೇ.

ಅಪ್ಪನ ಹೆಸರಿನ ಗಾಡಿ

ಹಳ್ಳಿಯ ಮನೆಗಳಲ್ಲಿ ಬೈಕು ಓಡಿಸುವವನು ಒಬ್ಬ, ಮಾಲೀಕ ಇನ್ನೊಬ್ಬ. ಗಾಡಿ ಅಪ್ಪನ ಹೆಸರಲ್ಲಿ, ಅಣ್ಣನ ಹೆಸರಲ್ಲಿ, ಕೆಲವೊಮ್ಮೆ ಮದುವೆಯಲ್ಲಿ ಕೊಟ್ಟ ಮಾವನ ಹೆಸರಲ್ಲಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಹೆಸರೇ ಗೊತ್ತಿಲ್ಲದ ಹಳೇ ಮಾಲೀಕನದು. ಊರಲ್ಲಿ ಇದು ಯಾರಿಗೂ ತೊಡಕಲ್ಲ. ದುದ್ದದಿಂದ ಹಾಸನದವರೆಗೆ ಪೊಲೀಸರು ಕೈ ಅಡ್ಡ ಹಾಕಿದರೂ "ಅಪ್ಪಂದು ಸಾರ್" ಎಂದರೆ ಮಾತು ಮುಗಿಯಿತು.

ಗಡಿಯಲ್ಲಿ ಆ ಮಾತು ಮುಗಿಯುವುದಿಲ್ಲ. ಬೈಕಿನ ಒಡೆಯ ಯಾರು, ಅದನ್ನು ದೇಶದ ಹೊರಗೆ ಒಯ್ಯಲು ಅವರು ಒಪ್ಪಿದ್ದಾರೆಯೇ ಎಂಬುದು ಅಲ್ಲಿನ ಮೊದಲ ಪ್ರಶ್ನೆ. ಅಪ್ಪನ ಹೆಸರಲ್ಲಿದ್ದರೆ ಅವರ ಒಪ್ಪಿಗೆ ಪತ್ರ ಬೇಕು. ಛಾಪಾ ಕಾಗದದ ಮೇಲೆ, ನೋಟರಿ ಮಾಡಿಸಿ, ಇಂಗ್ಲಿಷಿನಲ್ಲಿ ಇದ್ದರೆ ಕ್ಷೇಮ. ಜೊತೆಗೆ ಅವರ ಗುರುತಿನ ಚೀಟಿಯ ಪ್ರತಿ. ಇದಕ್ಕಿಂತ ಒಳ್ಳೆಯದು ಗಾಡಿಯನ್ನು ತನ್ನ ಹೆಸರಿಗೇ ಮಾಡಿಸಿಕೊಳ್ಳುವುದು. ಹಾಸನದ ಆರ್‌ಟಿಒದಲ್ಲಿ ಮಾಲೀಕತ್ವ ಬದಲಿಸಲು ಫಾರಂ 29 ಮತ್ತು 30. ಅಪ್ಪ ತೀರಿಕೊಂಡಿದ್ದು ಆರ್‌ಸಿ ಇನ್ನೂ ಅವರ ಹೆಸರಲ್ಲೇ ಇದ್ದರೆ ಫಾರಂ 31. ಎರಡನೆಯ ಬಗೆಯ ಬೈಕುಗಳು ಪ್ರತಿ ಊರಲ್ಲೂ ಇವೆ. ಒಪ್ಪಿಗೆ ಪತ್ರ ಬರೆಯಬೇಕಾದವರೇ ಇಲ್ಲದ ಕಾರಣ ಇವು ಗಡಿ ದಾಟುವುದು ತೀರಾ ಕಷ್ಟ.

ಇನ್ನೊಂದು ಗಂಟು ಸಾಲದ್ದು. ಫೈನಾನ್ಸಿನಲ್ಲಿ ತೆಗೆದ ಗಾಡಿಯ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರೂ ನಮೂದಾಗಿರುತ್ತದೆ. ಕಂತು ತೀರಿ ವರ್ಷಗಳಾದರೂ ಎಷ್ಟೋ ಜನ ಫಾರಂ 35 ಕೊಟ್ಟು ಆ ಹೆಸರು ತೆಗೆಸಿರುವುದಿಲ್ಲ. ಸಾಲ ಇನ್ನೂ ಇದ್ದರೆ ಫೈನಾನ್ಸ್ ಕಂಪನಿಯ ಒಪ್ಪಿಗೆ ಪತ್ರ ತರಬೇಕು, ಅದಕ್ಕೆ ವಾರಗಟ್ಟಲೆ ಅಲೆದಾಟ. ಹದಿನೈದು ವರ್ಷ ದಾಟಿದ ಹಳೇ ಸ್ಪ್ಲೆಂಡರ್, ಹಳೇ ಯೆಜ್ದಿ ಇಟ್ಟುಕೊಂಡವರು ನೋಂದಣಿ ನವೀಕರಣ ಆಗಿದೆಯೇ ಎಂದೂ ನೋಡಬೇಕು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಯೆಜ್ದಿಯಲ್ಲೇ ಹಿಮಾಲಯ ಹತ್ತುವೆ ಎನ್ನುವ ಹಟಮಾರಿಗಳು ನಮ್ಮಲ್ಲಿ ಇಂದಿಗೂ ಇದ್ದಾರೆ. ಹಟಕ್ಕೆ ಮೆಚ್ಚುಗೆ ಸಲ್ಲಬೇಕು, ಆದರೆ ಆರ್‌ಸಿ ಚಾಲ್ತಿಯಲ್ಲಿರಲಿ.

ಇನ್ಶೂರೆನ್ಸ್ ಗಡಿಯವರೆಗೆ ಮಾತ್ರ

ಬಹುಪಾಲು ಜನರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ನಮ್ಮ ಬೈಕಿನ ವಿಮೆ ಭಾರತದ ಗಡಿಗೆ ನಿಲ್ಲುತ್ತದೆ. ನೇಪಾಳದ ಗಡಿಯಲ್ಲಿರುವ ಸುನೌಲಿಯ ಕಮಾನು ದಾಟಿದ ಕ್ಷಣದಿಂದ ಗಾಡಿಗೆ ಪೆಟ್ಟಾದರೂ, ಕಳವಾದರೂ ಕಂಪನಿ ಕೈ ಎತ್ತಬಹುದು.

ಪರಿಹಾರ ಕಷ್ಟದ್ದಲ್ಲ. ಭಾರತದ ಮೋಟಾರು ವಿಮಾ ನಿಯಮಗಳಲ್ಲೇ ಪಾಲಿಸಿಯ ವ್ಯಾಪ್ತಿಯನ್ನು ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ ಮತ್ತು ಮಾಲ್ದೀವ್ಸ್‌ಗೆ ವಿಸ್ತರಿಸಿಕೊಳ್ಳುವ ಅವಕಾಶವಿದೆ. (ಮಾಲ್ದೀವ್ಸ್‌ಗೆ ಬೈಕು ಒಯ್ಯುವವರು ಯಾರೋ, ಪಟ್ಟಿಯಲ್ಲಂತೂ ಇದೆ.) ಹೆಚ್ಚುವರಿ ಪ್ರೀಮಿಯಂ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ. ಆನ್‌ಲೈನಿನಲ್ಲಿ ಪಾಲಿಸಿ ನವೀಕರಿಸುವಾಗ ಈ ಆಯ್ಕೆ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಶಾಖೆಗೆ ಹೋಗಿ, "ನೇಪಾಳಕ್ಕೆ ಎಕ್ಸ್‌ಟೆನ್ಷನ್ ಬೇಕು, ಬರವಣಿಗೆಯಲ್ಲಿ ಕೊಡಿ" ಎಂದು ಪಟ್ಟು ಹಿಡಿಯಬೇಕು. ಇದು ಗಾಡಿಯ ಮಾತು. ಸವಾರನ ಮೈಗೆ ಬೇರೆ ಪ್ರಯಾಣ ವಿಮೆ ಬೇಕು, ಅದರ ಸಣ್ಣಕ್ಷರಗಳಲ್ಲಿ ದ್ವಿಚಕ್ರ ವಾಹನ ಓಡಿಸುವಾಗಿನ ಅಪಘಾತ ಸೇರಿದೆಯೇ ಎಂದು ಓದಲೇಬೇಕು.

ಸುನೌಲಿಯ ಕಿಟಕಿ

ಉತ್ತರ ಪ್ರದೇಶದ ಗೋರಖಪುರದಿಂದ ನೂರು ಕಿಲೋಮೀಟರಿನೊಳಗೆ ಸುನೌಲಿ. ಆಚೆ ಬದಿ ನೇಪಾಳದ ಬೆಲಹಿಯಾ, ಅದರ ಬೆನ್ನಿಗೆ ಭೈರಹವಾ ಪಟ್ಟಣ. ಲಾರಿಗಳ ಮೈಲುದ್ದದ ಸಾಲು, ಸೈಕಲ್ ರಿಕ್ಷಾ, ತಲೆಯ ಮೇಲೆ ಗಂಟು ಹೊತ್ತು ಇತ್ತಿಂದತ್ತ ಓಡಾಡುವ ಜನ. ನಡೆದು ಹೋಗುವ ಭಾರತೀಯನನ್ನು ಕೇಳುವವರಿಲ್ಲ. 1950ರ ಭಾರತ–ನೇಪಾಳ ಒಪ್ಪಂದದ ಬಲ ಅದು. ಬೈಕನ್ನು ಮಾತ್ರ ಹಾಗೆ ಬಿಡುವುದಿಲ್ಲ.

ಅಲ್ಲಿ ಎಲ್ಲರ ಬಾಯಲ್ಲೂ ಇರುವ ಪದ ಭಂಸಾರ್, ಅಂದರೆ ಸುಂಕದ ಕಚೇರಿ. ಆರ್‌ಸಿ, ಡಿಎಲ್, ಗುರುತಿನ ಚೀಟಿ ತೋರಿಸಿ ಎಷ್ಟು ದಿನ ಇರುವಿರೆಂದು ಹೇಳಬೇಕು. ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಿಸಿಕೊಂಡು ಚೀಟಿ ಕೊಡುತ್ತಾರೆ. ನೇಪಾಳದ ರಸ್ತೆಯಲ್ಲಿ ಓಡಾಡಲು ಸಾರಿಗೆ ಅನುಮತಿಯ ಚೀಟಿ ಇನ್ನೊಂದು. ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಬೇಕು. ಕಾಠ್ಮಂಡುವಿನ ಟ್ರಾಫಿಕ್ ಪೊಲೀಸರು ಭಾರತದ ನಂಬರ್ ಕಂಡರೆ ಮೊದಲು ಕೇಳುವುದು ಇದನ್ನೇ. ಲೆಕ್ಕ ಹಾಕಿದ್ದಕ್ಕಿಂತ ಎರಡು ದಿನ ಹೆಚ್ಚಿಗೇ ಕಟ್ಟುವುದು ಜಾಣತನ. ಗುಡ್ಡ ಕುಸಿದು ರಸ್ತೆಯಲ್ಲೇ ಒಂದು ರಾತ್ರಿ ಕಳೆದರೆ ಅವಧಿ ಮೀರುತ್ತದೆ, ಆಮೇಲೆ ತೆರುವ ದಂಡ ದಿನದ ಶುಲ್ಕಕ್ಕಿಂತ ಬಹಳ ಭಾರ. ಭಾರತದ ಖಾಸಗಿ ವಾಹನಕ್ಕೆ ವರ್ಷವೊಂದರಲ್ಲಿ ಒಟ್ಟು 30 ದಿನಗಳ ಮಿತಿ ಇದೆ.

ಗುರುತಿನ ಚೀಟಿಯ ವಿಷಯದಲ್ಲಿ ಎಡವುವವರು ಬಹಳ. ಜೇಬಿನಲ್ಲಿ ಸದಾ ಇರುವುದು ಆಧಾರ್. ಆದರೆ ನೇಪಾಳ ಪ್ರಯಾಣಕ್ಕೆ 15ರಿಂದ 65ರ ವಯಸ್ಸಿನವರಿಗೆ ಆಧಾರ್ ಮಾನ್ಯವಲ್ಲ. ಪಾಸ್‌ಪೋರ್ಟು ಇಲ್ಲವೇ ಚುನಾವಣಾ ಆಯೋಗದ ಮತದಾರರ ಚೀಟಿ ಬೇಕು. ಪಾಸ್‌ಪೋರ್ಟಿಗೆ ಈಗ ಬೆಂಗಳೂರಿಗೆ ಓಡಬೇಕಿಲ್ಲ, ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಹತ್ತು ವರ್ಷ ಅವಧಿಯ 36 ಪುಟದ ಪುಸ್ತಕಕ್ಕೆ 1,500 ರೂಪಾಯಿ. ಮುಂದೊಂದು ದಿನ ಇನ್ನೂ ದೂರ ಹೋಗುವ ಮನಸ್ಸಿದ್ದರೆ ಮತದಾರರ ಚೀಟಿಯಲ್ಲಿ ಸುಧಾರಿಸುವ ಬದಲು ಇದನ್ನೇ ಮಾಡಿಸಿಡುವುದು ಲೇಸು.

ಹಣಕ್ಕೆ ತಾಪತ್ರಯ ಕಡಿಮೆ. ಭಾರತದ ಒಂದು ರೂಪಾಯಿಗೆ ನೇಪಾಳದ 1.60 ರೂಪಾಯಿ ಎಂಬ ದರ ಸ್ಥಿರವಾಗಿದೆ. ತಲೆನೋವು ದೊಡ್ಡ ನೋಟುಗಳದು: 2018ರ ಡಿಸೆಂಬರ್‌ನಲ್ಲಿ ನೇಪಾಳ ಸರ್ಕಾರ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ನಂತರ ನಿಯಮ ಸಡಿಲಿಸುವ ಮಾತುಕತೆ ನಡೆಯುತ್ತ ಬಂದಿರುವುದರಿಂದ ಹೊರಡುವ ವಾರ ಬ್ಯಾಂಕಿನಲ್ಲಿ ವಿಚಾರಿಸಿ, ನೂರರ ಕಂತೆಯೊಂದನ್ನು ಜೊತೆಗಿಟ್ಟುಕೊಳ್ಳಿ. 2024ರ ಮಾರ್ಚ್‌ನಿಂದ ನೇಪಾಳದ ಅಂಗಡಿಗಳಲ್ಲಿ ಕ್ಯುಆರ್ ಕೋಡ್‌ಗೆ ನಮ್ಮ ಯುಪಿಐನಿಂದ ಹಣ ಕೊಡುವ ವ್ಯವಸ್ಥೆಯೂ ಬಂದಿದೆ. ಬೆಟ್ಟದ ಮೇಲಿನ ಹಳ್ಳಿಯಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಆ ನೂರರ ಕಂತೆಯೇ ಗತಿ.

ಆಲೂಗಡ್ಡೆ ಕಿತ್ತ ಮೇಲೆ

ಯಾವಾಗ ಹೊರಡಬೇಕು? ನೇಪಾಳದ ಮಟ್ಟಿಗೆ ಉತ್ತರ ಸ್ಪಷ್ಟ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. 2024ರ ಜುಲೈ 12ರ ನಸುಕಿನಲ್ಲಿ ನಾರಾಯಣಗಢ–ಮುಗ್ಲಿಂಗ್ ರಸ್ತೆಯ ಸಿಮಲ್‌ತಾಲ್ ಬಳಿ ಗುಡ್ಡ ಕುಸಿದು, 60ಕ್ಕೂ ಹೆಚ್ಚು ಜನರಿದ್ದ ಎರಡು ಬಸ್ಸುಗಳು ತ್ರಿಶೂಲಿ ನದಿ ಪಾಲಾದವು. ಭಾರತದ ಕಡೆಯಿಂದ ಕಾಠ್ಮಂಡು, ಪೊಖರಾಗೆ ಹೋಗುವವರು ಹೆಚ್ಚಾಗಿ ಹಿಡಿಯುವುದು ಇದೇ ರಸ್ತೆಯನ್ನು. ಅದೇ ವರ್ಷ ಸೆಪ್ಟೆಂಬರ್ ಕೊನೆಯ ಮಳೆಗೆ ದೇಶದಾದ್ಯಂತ 200ಕ್ಕೂ ಹೆಚ್ಚು ಜನ ಸತ್ತರು.

ಮಳೆ ತೊಳೆದ ಅಕ್ಟೋಬರ್, ನವೆಂಬರ್‌ನಲ್ಲಿ ಆಕಾಶ ತಿಳಿಯಾಗಿ ಹಿಮಶಿಖರಗಳು ನಿಚ್ಚಳವಾಗಿ ಕಾಣುತ್ತವೆ. ಮಾರ್ಚ್, ಏಪ್ರಿಲ್ ಎರಡನೆಯ ಆಯ್ಕೆ. ಹಾಸನ ಸೀಮೆಯ ರೈತನಿಗೆ ಇದೊಂದು ಒಳ್ಳೆಯ ಕಾಕತಾಳೀಯ. ಮೇ, ಜೂನ್‌ನಲ್ಲಿ ಜಲಂಧರ್‌ನ ಬಿತ್ತನೆ ಬೀಜ ತಂದು ಹಾಕಿದ ಆಲೂಗಡ್ಡೆ ಸೆಪ್ಟೆಂಬರ್ ಹೊತ್ತಿಗೆ ಕಿತ್ತು ಮಾರಾಟವಾಗಿರುತ್ತದೆ. ರಾಗಿ ಕುಯ್ಲಿಗೆ ಇನ್ನೂ ಸಮಯವಿರುತ್ತದೆ. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದು ನಗರಕ್ಕೆ ಜನ ನುಗ್ಗುವ ಆ ದಿನಗಳಲ್ಲೇ ನೇಪಾಳದ ರಸ್ತೆಗಳು ಒಣಗಿ ಗಟ್ಟಿಯಾಗುತ್ತವೆ. ಒಂದೇ ಎಚ್ಚರ: ನಮ್ಮ ನವರಾತ್ರಿಯೇ ಅವರ ದಶೈನ್. ಆಗ ಹದಿನೈದು ದಿನ ಇಡೀ ದೇಶ ಊರಿಗೆ ಹೊರಟಿರುತ್ತದೆ, ಕಚೇರಿಗಳು ಬಂದ್, ಬಸ್ಸುಗಳು ತುಂಬಿ ತುಳುಕುತ್ತವೆ. ದಶೈನ್ ಮುಗಿದ ಮೇಲೆ ಗಡಿ ದಾಟುವುದು ಮೇಲು.

ಹವಾಮಾನವಲ್ಲದೆ ರಾಜಕೀಯದ ಮೋಡವನ್ನೂ ನೋಡಬೇಕು. 2025ರ ಸೆಪ್ಟೆಂಬರ್ 8 ಮತ್ತು 9ರಂದು ಕಾಠ್ಮಂಡುವಿನಲ್ಲಿ ಯುವಜನರ ಪ್ರತಿಭಟನೆ ಸಿಡಿದು ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು, ವಿಮಾನ ನಿಲ್ದಾಣ ಮುಚ್ಚಿತು, ಭಾರತೀಯ ಪ್ರವಾಸಿಗರು ಹೋಟೆಲುಗಳಲ್ಲೇ ಸಿಕ್ಕಿಬಿದ್ದರು. ಕಾಠ್ಮಂಡುವಿನ ಲೈನ್‌ಚೌರ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಯ ಸಹಾಯವಾಣಿ ನಂಬರನ್ನು ಮೊಬೈಲಿನಲ್ಲಷ್ಟೇ ಅಲ್ಲ, ಕಾಗದದ ಮೇಲೂ ಬರೆದುಕೊಂಡಿರಬೇಕು.

ದಾರಿಯ ಲೆಕ್ಕ

ದುದ್ದದಿಂದ ಸುನೌಲಿಗೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಅರಸೀಕೆರೆ, ಹುಳಿಯಾರು, ಹಿರಿಯೂರು, ಚಳ್ಳಕೆರೆ, ಬಳ್ಳಾರಿ ದಾಟಿ ಹೈದರಾಬಾದು. ಅಲ್ಲಿಂದ 44ನೇ ಹೆದ್ದಾರಿಯಲ್ಲಿ ನಾಗಪುರ. ಮುಂದೆ ಜಬಲ್ಪುರ, ವಾರಾಣಸಿ, ಗೋರಖಪುರ. ದಿನಕ್ಕೆ 400 ಕಿಲೋಮೀಟರ್ ಓಡಿಸಿದರೂ ಗಡಿ ಮುಟ್ಟಲು ಐದಾರು ದಿನ, ವಾಪಸಾಗಲು ಮತ್ತೆ ಅಷ್ಟೇ. ಅಂದರೆ ಹೊರದೇಶದ ಪ್ರವಾಸದ ಅರ್ಧಕ್ಕರ್ಧ ದಿನಗಳು ಸ್ವದೇಶದ ಹೆದ್ದಾರಿಯಲ್ಲೇ ಕರಗುತ್ತವೆ. ಬೆನ್ನು ನೋವಿನ ಬಹುಪಾಲೂ ಅಲ್ಲೇ.

ಪೆಟ್ರೋಲಿನ ಲೆಕ್ಕ ಹೀಗೆ ಹಾಕಬಹುದು. ಹೋಗಿ ಬರಲು 4,400, ನೇಪಾಳದೊಳಗೆ ಒಂದು ಸಾವಿರ, ಒಟ್ಟು 5,400 ಕಿಲೋಮೀಟರ್. ಲೀಟರಿಗೆ 40 ಕೊಡುವ ಗಾಡಿಗೆ 135 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೆ 13,500. ಲೀಟರಿಗೆ 25 ಕೊಡುವ ದೊಡ್ಡ ಗಾಡಿಗೆ ಅದೇ ದಾರಿ 21,600 ಆಗುತ್ತದೆ. ಸಣ್ಣ ಗಾಡಿಯವರು ಕೀಳರಿಮೆ ಪಡಬೇಕಾದ್ದಿಲ್ಲ ಎನ್ನಲು ಈ ವ್ಯತ್ಯಾಸವೊಂದೇ ಸಾಕು.

ರಜೆ ಕಡಿಮೆ ಇರುವವರಿಗೆ ರೈಲು ವಾಸಿ. ಯಶವಂತಪುರದಿಂದ ಗೋರಖಪುರಕ್ಕೆ ನೇರ ರೈಲಿದೆ. ಬೈಕನ್ನು ಪಾರ್ಸೆಲ್ ಕಚೇರಿಯಲ್ಲಿ ಹಾಕುವಾಗ ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೊಡಬೇಕು, ಟ್ಯಾಂಕಿನ ಪೆಟ್ರೋಲ್ ಪೂರ್ತಿ ಬಸಿಯಬೇಕು, ಗೋಣಿತಾಟು ಸುತ್ತಿ ಪ್ಯಾಕ್ ಮಾಡಿಸಬೇಕು. ನಿಮ್ಮ ರೈಲಿನಲ್ಲೇ ಬೈಕೂ ಬರುತ್ತದೆಂಬ ಖಾತ್ರಿ ಇರುವುದಿಲ್ಲ. ಒಂದೆರಡು ದಿನ ಕೈಯಲ್ಲಿಟ್ಟುಕೊಂಡೇ ಹೊರಡಬೇಕು.

ನೇಪಾಳದೊಳಗೆ ದಿನಕ್ಕೆ 400 ಎಂಬ ಲೆಕ್ಕ ಮರೆಯಬೇಕು. ಬೆಟ್ಟದ ರಸ್ತೆಯಲ್ಲಿ 150 ಆದರೆ ದೊಡ್ಡದು. ಪೊಖರಾದಿಂದ ಮುಕ್ತಿನಾಥ ಕ್ಷೇತ್ರಕ್ಕೆ ಹೋಗುವವರು ಬೇನಿ ದಾಟಿದ ಮೇಲೆ ಜಲ್ಲಿ, ಕೆಸರು, ತೊರೆ ಎಲ್ಲವನ್ನೂ ಕಾಣುತ್ತಾರೆ. ಧವಳಗಿರಿ, ಅನ್ನಪೂರ್ಣ ಎಂಬ ಎಂಟು ಸಾವಿರ ಮೀಟರ್ ಮೀರಿದ ಎರಡು ಪರ್ವತಗಳ ನಡುವೆ ಕಾಳಿಗಂಡಕಿ ಕೊರೆದ ಕಣಿವೆ ಅದು. ಮಧ್ಯಾಹ್ನವಾಗುತ್ತಲೇ ಅಲ್ಲಿ ಬೀಸುವ ಗಾಳಿಗೆ ಜೋಮ್‌ಸೋಮ್‌ಗೆ ಬರುವ ಸಣ್ಣ ವಿಮಾನಗಳೇ ಬೆಳಗ್ಗೆಯೇ ಹಾರಾಟ ಮುಗಿಸುತ್ತವೆ. ಬೈಕನ್ನು ಅಡ್ಡಕ್ಕೆ ತಳ್ಳುವ ಆ ಗಾಳಿಯ ಮುಂಚೆ, ಅಂದರೆ ಬೆಳಗಿನ ಹತ್ತು ಹನ್ನೊಂದರೊಳಗೆ ಆ ಕಣಿವೆ ದಾಟಿಕೊಂಡರೆ ಅರ್ಧ ತೊಂದರೆ ಕಳೆಯಿತು. ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪ್ರವೇಶ ಚೀಟಿಯನ್ನು ಪೊಖರಾದಲ್ಲೇ ಪಡೆಯಬಹುದು. ಸಾರ್ಕ್ ದೇಶಗಳವರಿಗೆ ಶುಲ್ಕದಲ್ಲಿ ರಿಯಾಯಿತಿ.

ಏದುಸಿರು ಎಂಜಿನ್ನಿಗೂ ಉಂಟು

ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಚೂರು ಕಡಿಮೆ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಮುಕ್ತಿನಾಥ 3,700 ಮೀಟರಿಗೂ ಮೇಲೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಕುಗ್ಗಿರುತ್ತದೆ. ಗಾಳಿ ತೆಳುವಾದಷ್ಟೂ ಪೆಟ್ರೋಲ್ ಉರಿಯಲು ಬೇಕಾದ ಆಮ್ಲಜನಕ ಕುಗ್ಗುತ್ತದೆ, ಎಂಜಿನ್ನಿನ ಶಕ್ತಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಮೂರನೇ ಗೇರಿನಲ್ಲಿ ಏರುತ್ತಿದ್ದ ಗಾಡಿ ಮೊದಲನೇ ಗೇರು ಕೇಳುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡಿದ್ದರೆ ಕೆಲವು ತಿರುವಿನಲ್ಲಿ ಅವರು ಇಳಿದು ನಡೆಯಬೇಕಾದೀತು.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಬೈಕುಗಳಲ್ಲಿ ಪೆಟ್ರೋಲನ್ನು ಸೆನ್ಸರ್ ಲೆಕ್ಕಹಾಕಿ ಸಿಂಪಡಿಸುವುದರಿಂದ ಎತ್ತರಕ್ಕೆ ತಕ್ಕಂತೆ ಅದೇ ಹೊಂದಿಕೊಳ್ಳುತ್ತದೆ. ಹಳೆಯ ಕಾರ್ಬುರೇಟರ್ ಗಾಡಿಗೆ ಗಾಳಿ ಕಡಿಮೆಯಾದದ್ದು ತಿಳಿಯುವುದಿಲ್ಲ, ಪೆಟ್ರೋಲ್ ಮಾತ್ರ ಮೊದಲಿನಷ್ಟೇ ಸುರಿಯುತ್ತದೆ. ಪ್ಲಗ್ಗು ಕಪ್ಪಾಗುತ್ತದೆ, ಸೈಲೆನ್ಸರ್ ಹೊಗೆ ಕಾರುತ್ತದೆ. ಟ್ಯೂನಿಂಗ್ ಸ್ಕ್ರೂ ಯಾವುದು, ಎಷ್ಟು ತಿರುಗಿಸಬೇಕು ಎಂದು ಊರಿನ ಮೆಕ್ಯಾನಿಕ್‌ನಿಂದ ಕಲಿತುಕೊಂಡೇ ಹೊರಡಬೇಕು. ಜೊತೆಗೆ ಒಂದು ಕ್ಲಚ್ ಕೇಬಲ್, ಪ್ಲಗ್ಗು, ಟ್ಯೂಬು ಅಥವಾ ಪಂಕ್ಚರ್ ಕಿಟ್ಟು, ಚೈನ್ ಲಾಕು. ಇದಕ್ಕಿಂತ ಹೆಚ್ಚು ಹೊರುವುದು ವ್ಯರ್ಥ: ಬಜಾಜ್, ಹೀರೊ, ಟಿವಿಎಸ್, ಎನ್‌ಫೀಲ್ಡ್ ಎಲ್ಲವೂ ನೇಪಾಳದ ಬೀದಿಗಳಲ್ಲಿ ಧಂಡಿಯಾಗಿವೆ, ಬಿಡಿಭಾಗಗಳಿಗೆ ಕೊರತೆಯಿಲ್ಲ.

ಸವಾರನ ಶ್ವಾಸಕೋಶಕ್ಕೆ ಟ್ಯೂನಿಂಗ್ ಸ್ಕ್ರೂ ಇಲ್ಲ. ಪೊಖರಾ ಸುಮಾರು 800 ಮೀಟರ್. ಅಲ್ಲಿಂದ ಒಂದೇ ದಿನದಲ್ಲಿ ಮುಕ್ತಿನಾಥಕ್ಕೆ ಹಾರುವ ಸಾಹಸ ತಲೆನೋವು, ವಾಂತಿಯಲ್ಲಿ ಕೊನೆಗೊಳ್ಳುವುದುಂಟು. ಸೇಬಿನ ತೋಟಗಳ ಮಾರ್ಫಾದಲ್ಲೋ ಜೋಮ್‌ಸೋಮ್‌ನಲ್ಲೋ ಒಂದು ರಾತ್ರಿ ಕಳೆದು ಹತ್ತಬೇಕು.

ಅಲ್ಲಿಗೆ ಮುಂಚೆಯೇ ಹೋದವರು

ಕನ್ನಡ ನಾಡಿನಿಂದ ನೇಪಾಳಕ್ಕೆ ಹೊರಟವರಲ್ಲಿ ಬೈಕಿನವರು ತೀರಾ ಈಚಿನವರು. ರಕ್ಸೌಲ್ ಗಡಿಯಿಂದ ಒಳಹೋಗುವವರು ಬಾರಾ ಜಿಲ್ಲೆಯ ಸಿಮ್ರೌನ್‌ಗಢಕ್ಕೊಮ್ಮೆ ಗಾಡಿ ತಿರುಗಿಸಬೇಕು. 1097ರಲ್ಲಿ ನಾನ್ಯದೇವನೆಂಬ ದೊರೆ ಅಲ್ಲಿ ರಾಜಧಾನಿ ಕಟ್ಟಿದ. ಅವನ ವಂಶದ ಹೆಸರೇ ಕರ್ಣಾಟ. ಕಲ್ಯಾಣದ ಚಾಲುಕ್ಯರ ದಂಡಯಾತ್ರೆಗಳ ಜೊತೆ ಉತ್ತರಕ್ಕೆ ಬಂದು ನೆಲೆ ನಿಂತವರು ಇವರು ಎಂಬುದು ಹಲವು ಇತಿಹಾಸಕಾರರ ಮತ. ಬೇಲೂರಿನ ಚೆನ್ನಕೇಶವನ ಗುಡಿ ಏಳಲು ಆಗಿನ್ನೂ 20 ವರ್ಷ ಬಾಕಿ ಇತ್ತು. 1324ರ ಸುಮಾರಿಗೆ ತುಘಲಕರ ದಾಳಿಗೆ ಆ ನಗರ ಬಿತ್ತು. ಕಾಠ್ಮಂಡು ಕಣಿವೆಯನ್ನು ಆಮೇಲೆ ಆಳಿದ ಮಲ್ಲ ದೊರೆಗಳೂ ಈ ಕರ್ಣಾಟ ವಂಶದ ನಂಟು ಹೇಳಿಕೊಂಡರು.

ಕಾಠ್ಮಂಡುವಿನ ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವವರೂ ದಕ್ಷಿಣದ ಭಟ್ಟರು, ಈಚಿನ ದಶಕಗಳಲ್ಲಿ ಕರ್ನಾಟಕದವರೇ. 2008ರ ಕೊನೆಯಲ್ಲಿ ಮಾವೋವಾದಿ ಸರ್ಕಾರ ಅವರನ್ನು ಬದಲಿಸಲು ಹೊರಟಾಗ ಭಾರಿ ಗಲಾಟೆಯಾಗಿ ನಿರ್ಧಾರ ಹಿಂದೆ ಹೋಯಿತು. ಇನ್ನು ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಬಂದದ್ದು ಇದೇ ಗಂಡಕಿಯ ಕಣಿವೆಯಿಂದ. ಬೈಕು ನಿಲ್ಲಿಸಿ ಹೊಳೆಗಿಳಿದರೆ ಕಪ್ಪು ಕಲ್ಲುಗಳನ್ನು ಹುಡುಕುವ, ಮಾರುವ ಜನ ಸಿಗುತ್ತಾರೆ.

ಇನ್ನೂ ದೂರಕ್ಕೆ: ಕಾರ್ನೆ ಎಂಬ ಜಾಮೀನು

ನೇಪಾಳ ಮುಗಿಸಿದವರ ಕಣ್ಣು ಇರಾನ್, ಟರ್ಕಿ, ಆಫ್ರಿಕಾದತ್ತ ಹೊರಳುತ್ತದೆ. ವಿಶಾಖಪಟ್ಟಣದ ಭರದ್ವಾಜ್ ದಯಾಳ 2006–07ರಲ್ಲಿ ಹೀರೊ ಹೋಂಡಾ ಕರಿಜ್ಮಾದಲ್ಲಿ ಒಂಟಿಯಾಗಿ ಭೂಮಿ ಸುತ್ತಿ ಬಂದ ಮೇಲೆ ಭಾರತದಲ್ಲಿ ತಯಾರಾದ ಬೈಕು ಅಷ್ಟು ದೂರ ಬಾಳುತ್ತದೆಯೇ ಎಂಬ ಅನುಮಾನ ಉಳಿಯಲಿಲ್ಲ. ಅನುಮಾನವಿರುವುದು ಜೇಬಿನ ಬಗ್ಗೆ.

ಬೈಕು ಇನ್ನೊಂದು ದೇಶದೊಳಗೆ ಬಂದರೆ ಅಲ್ಲಿನ ಕಸ್ಟಮ್ಸ್ ಲೆಕ್ಕದಲ್ಲಿ ಅದು ಆಮದಾದ ಸರಕು. ಅಲ್ಲೇ ಮಾರಿಬಿಟ್ಟರೆ ಸುಂಕ ಕಟ್ಟುವವರು ಯಾರು? ಆ ಭಯಕ್ಕೆ ಜಾಮೀನು ನಿಲ್ಲುವ ದಾಖಲೆಯೇ ಕಾರ್ನೆ. ಭಾರತದಲ್ಲಿ ಇದಕ್ಕಾಗಿ ಹೆಚ್ಚಿನವರು ಹೋಗುವುದು ಮುಂಬೈನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್‌ಗೆ. ಬೈಕಿನ ಬೆಲೆ, ಹೋಗುವ ದೇಶಗಳನ್ನು ನೋಡಿ ದೊಡ್ಡ ಮೊತ್ತದ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳುತ್ತಾರೆ; ಬೈಕು ವಾಪಸ್ ಬಂದ ಮೇಲೆ ಅದು ಮರಳುತ್ತದೆ. ಕಾರ್ನೆ ಪುಸ್ತಕದ ಪ್ರತಿ ಹಾಳೆಯಲ್ಲೂ ಮೂರು ತುಂಡು. ದೇಶದೊಳಗೆ ಬರುವಾಗ ಒಂದನ್ನು ಹರಿದುಕೊಳ್ಳುತ್ತಾರೆ, ಹೊರಡುವಾಗ ಇನ್ನೊಂದನ್ನು, ಎರಡೂ ಮುದ್ರೆ ಬಿದ್ದ ಮೂರನೆಯದು ಸವಾರನ ಬಳಿ ಉಳಿಯುತ್ತದೆ. ಹೊರಡುವಾಗಿನ ಮುದ್ರೆ ಹಾಕಿಸದೆ ಬಂದರೆ ಬೈಕು ಅಲ್ಲೇ ಉಳಿಯಿತೆಂದು ಲೆಕ್ಕ. ಸುಂಕದ ಬಿಲ್ಲು ಮನೆಗೆ ಬರುತ್ತದೆ. ರಾತ್ರಿ ಎರಡು ಗಂಟೆಯ ಗಡಿಯಲ್ಲಿ ನಿದ್ದೆಗಣ್ಣಿನ ಅಧಿಕಾರಿಯ ಮುಂದೆ ನಿಂತು ಸೀಲು ಬಿದ್ದಿದೆಯೇ ಎಂದು ಎರಡು ಸಲ ನೋಡಬೇಕಾದ್ದು ಇದಕ್ಕಾಗಿ.

ಪಾಕಿಸ್ತಾನದ ನೆಲ ಮುಚ್ಚಿರುವುದರಿಂದ ಇರಾನ್‌ಗೆ ಹೋಗಬೇಕಾದರೂ ಬೈಕನ್ನು ಮುಂಬೈನಿಂದ ಹಡಗಿಗೋ ವಿಮಾನಕ್ಕೋ ಹಾಕಬೇಕು. ಆಸ್ಟ್ರೇಲಿಯಾಕ್ಕಾದರೆ ಟೈರಿನ ಸಂದಿಯ ಮಣ್ಣು, ಹುಲ್ಲಿನ ಬೀಜವೂ ಉಳಿಯದಂತೆ ತೊಳೆದು ಕಳಿಸಬೇಕು, ಇಲ್ಲವಾದರೆ ಬಂದರಿನಲ್ಲೇ ತಡೆಹಿಡಿಯುತ್ತಾರೆ.

ಬಾಡಿಗೆ ಬೈಕಿನ ಬಲೆ

ಇಷ್ಟೆಲ್ಲ ಬೇಡವೆನ್ನುವವರು ವಿಮಾನದಲ್ಲಿ ಹೋಗಿ ಅಲ್ಲೇ ಬೈಕು ಬಾಡಿಗೆಗೆ ಹಿಡಿಯುತ್ತಾರೆ. ಅದಕ್ಕೆ ಬೇಕಾದ್ದು ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಆಡುಮಾತಿನಲ್ಲಿ ಐಡಿಪಿ. ಡಿಎಲ್ ಇರುವವರು ಆರ್‌ಟಿಒದಲ್ಲಿ ಫಾರಂ 4ಎ ತುಂಬಿ, 1,000 ರೂಪಾಯಿ ಕಟ್ಟಿ, ಪಾಸ್‌ಪೋರ್ಟಿನ ಪ್ರತಿ ಕೊಟ್ಟರೆ ಒಂದು ವರ್ಷಕ್ಕೆ ಸಿಗುತ್ತದೆ. ಡಿಎಲ್‌ನಲ್ಲಿ ಕಾರು ಮಾತ್ರ ಇದ್ದು ಗೇರಿನ ಬೈಕು ನಮೂದಾಗಿರದಿದ್ದರೆ ಐಡಿಪಿಯಲ್ಲೂ ಇರುವುದಿಲ್ಲ.

ಬಲೆ ಇರುವುದು ವಿಯೆಟ್ನಾಂನಲ್ಲಿ. ಹಾ ಜಾಂಗ್ ಬೆಟ್ಟಗಳ ಬೈಕ್ ಸುತ್ತು ಈಗ ಬೆಂಗಳೂರಿನವರ ಅಚ್ಚುಮೆಚ್ಚು. ನಮ್ಮ ಐಡಿಪಿ 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಡುವಂಥದ್ದು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ ಐಡಿಪಿಯನ್ನು. ಬಾಡಿಗೆ ಅಂಗಡಿಯವನು ಇದನ್ನೆಲ್ಲ ಕೇಳದೆ ಕೀಲಿ ಕೊಡುತ್ತಾನೆ. ಪೊಲೀಸರು ಹಿಡಿದರೆ ದಂಡ, ಬಿದ್ದು ಕಾಲು ಮುರಿದರೆ "ಮಾನ್ಯ ಲೈಸೆನ್ಸ್ ಇರಲಿಲ್ಲ" ಎಂದು ವಿಮಾ ಕಂಪನಿ ಜಾರಿಕೊಳ್ಳುತ್ತದೆ. ಅಲ್ಲಿ ಸ್ಥಳೀಯ ಸವಾರನ ಹಿಂದೆ ಕೂತು ಸುತ್ತುವುದೇ ಬುದ್ಧಿವಂತಿಕೆ. ಮೇಲಾಗಿ ಅಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ. ಎಡಕ್ಕೆ ಒಗ್ಗಿದ ನಮ್ಮ ಕಣ್ಣು ಮೋಸ ಹೋಗುವುದು ನೇರ ರಸ್ತೆಗಿಂತ ವೃತ್ತಗಳಲ್ಲಿ, ತಿರುವುಗಳಲ್ಲಿ. ಥಾಯ್ಲೆಂಡ್, ಶ್ರೀಲಂಕಾದಲ್ಲಿ ನಮ್ಮಂತೆ ಎಡ. ಶ್ರೀಲಂಕಾದಲ್ಲಿ ಐಡಿಪಿಗೆ ಅಲ್ಲಿನ ಅನುಮೋದನೆಯೂ ಬೇಕು. ಯಾವ ದೇಶವಾದರೂ ಸರಿ, ಬಾಡಿಗೆ ಅಂಗಡಿಯಲ್ಲಿ ಅಸಲಿ ಪಾಸ್‌ಪೋರ್ಟನ್ನು ಅಡವಿಡಬಾರದು. ಹಣ ಠೇವಣಿ ಕೊಟ್ಟು ಪಾಸ್‌ಪೋರ್ಟಿನ ಪ್ರತಿ ಕೊಟ್ಟರೆ ಸಾಕು.

ಮತ್ತೆ ಸ್ವಂತ ಗಾಡಿಗೆ ಬಂದರೆ, ಆರ್‌ಸಿ ವರ್ಗಾವಣೆ, ಫೈನಾನ್ಸ್ ಹೆಸರು ತೆಗೆಸುವುದು, ಪಾಸ್‌ಪೋರ್ಟು, ವಿಮೆಯ ವಿಸ್ತರಣೆ ಈ ನಾಲ್ಕಕ್ಕೂ ಸೇರಿ ಎರಡು ಮೂರು ತಿಂಗಳು ಹಿಡಿಯುವುದು ಮಾಮೂಲು. ಬರುವ ದೀಪಾವಳಿಯ ಆಸುಪಾಸಿನಲ್ಲಿ ನೇಪಾಳದ ರಸ್ತೆಯಲ್ಲಿರಬೇಕು ಎಂದುಕೊಂಡವರು ಆಲೂಗಡ್ಡೆ ಬಿತ್ತನೆಯ ಹೊತ್ತಿಗೇ ಅರ್ಜಿ ಹಾಕಬೇಕು. ಸೈಡ್ ಬ್ಯಾಗನ್ನು ಹೊರಡುವ ಹಿಂದಿನ ವಾರವೂ ಕೊಳ್ಳಬಹುದು.